ಸರ್ಕಾರದ ಲೆಕ್ಕ ಮುಗಿಯಿತು, ನಮ್ಮದು ಯಾವಾಗ?

2006ನೇ ಇಸವಿಯ ದಶಲಕ್ಷಣ ಪರ್ವದ ಮಾತಿದು. ಜತ್ತ ಸೀಮೆಯ ನಮ್ಮ ಊರ ಬಸದಿಯ ಅಂಗಳದಲ್ಲಿ ಪಾಠಶಾಲೆಯ ಮಕ್ಕಳು ಅಂಜನ ಚೋರನ ನಾಟಕ ಆಡಿದರು. ನಮ್ಮ ಕಡೆ ಮನೆಮಾತು ಕನ್ನಡವಾದರೂ ಅನೇಕ ಮಕ್ಕಳು ಓದುವುದು ಮರಾಠಿ ಶಾಲೆಯಲ್ಲಿ. ಆದ್ದರಿಂದ ಪರ್ವದ ನೆಪದಲ್ಲಾದರೂ ಅವರ ಬಾಯಲ್ಲಿ ನಾಲ್ಕು ಶುದ್ಧ ಕನ್ನಡದ ಮಾತು ಬರಲೆಂದು ನಮ್ಮ ಪಂಡಿತರು ವರ್ಷಕ್ಕೊಂದು ನಾಟಕ ಮಾಡಿಸುತ್ತಿದ್ದರು. ಕಳ್ಳನಾದ ಅಂಜನನು ಣಮೋಕಾರ ಮಂತ್ರದ ಮೇಲೆ ನಂಬಿಕೆಯಿಟ್ಟು, ಎಳ್ಳಷ್ಟೂ ಶಂಕೆಯಿಲ್ಲದೆ ಜೋಲಿಯ ಎಳೆಗಳನ್ನು ಕಡಿದುಹಾಕಿದಾಗ ಸೇರಿದವರೆಲ್ಲ ಚಪ್ಪಾಳೆ ತಟ್ಟಿದೆವು. ಅಂಜನನ ವೇಷ ಹಾಕಿದ ಹುಡುಗನಿಗೆ ಸಮಾಜದ ಹಿರಿಯರೊಬ್ಬರು ನೂರೊಂದು ರೂಪಾಯಿ ಬಹುಮಾನ ಕೂಗಿದರು.

ಅದೇ ಹೊತ್ತಿನಲ್ಲಿ ಅಂಗಳದ ಕೊನೆಯಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ, ಇನ್ನೊಬ್ಬನು ಕುಳಿತಿದ್ದನು. ಜೈಲಿನಿಂದ ಬಂದು ಅವನಿಗೆ ಹನ್ನೆರಡು ದಿನವಾಗಿತ್ತು. ಅವನ ಎಡಬಲದಲ್ಲಿ ಇಬ್ಬರು ಕೂಡ್ರುವಷ್ಟು ಜಾಗ ಖಾಲಿ ಇತ್ತು. ಕಥೆಯಲ್ಲಿ ಬಂದ ಕಳ್ಳನಿಗೆ ಬಹುಮಾನ ಕೂಗಿದ ನಾವು, ಎದುರಿಗೆ ಕುಳಿತವನ ಪಕ್ಕದಲ್ಲಿ ಒಂದು ಚಾಪೆ ಹಾಸಲಿಲ್ಲ. ಇದನ್ನು ಬೇರೆಯವರ ಮೇಲೆ ಹಾಕಿ ಬರೆಯುತ್ತಿಲ್ಲ. ಖಾಲಿ ಜಾಗ ನೋಡಿಯೂ ಮುಂದೆ ಬಂದು ಕುಳಿತವರಲ್ಲಿ ನಾವೂ ಒಬ್ಬರು.

ಸೆರೆವಾಸ ಮುಗಿಸಿ ಬಂದವನಿಗೆ ಕೆಲಸ ಮತ್ತು ಸಮಾಜದಲ್ಲಿ ಸ್ಥಾನ ಸಿಗುವ ವಿಷಯದಲ್ಲಿ ನಮ್ಮ ವ್ಯಾಪಾರಿ ಮನೆತನಗಳ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ನಮ್ಮ ಅನುಭವದ ಮೂಲಕವೇ ಹೇಳಬೇಕೆಂದಿದ್ದೇವೆ. ಅವನ ಹೆಸರು ಬೇಡ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆದಿದ್ದೇವೆ.

ನೋಡೂಣು ಎಂಬ ಮಾತು

ಅವನು ನಮಗೆ ದೂರದ ಸಂಬಂಧದಲ್ಲಿ ಮಗನಾಗಬೇಕು. ಚಿಕ್ಕಂದಿನಲ್ಲಿ ತಂದೆ ತೀರಿಕೊಂಡದ್ದರಿಂದ ಶಾಲೆಯ ಸೂಟಿಯಲ್ಲೆಲ್ಲ ನಮ್ಮ ಅಡತಿ ಅಂಗಡಿಯಲ್ಲೇ ಬೆಳೆದನು. ಕಿರ್ದಿ ಬರೆಯುವುದನ್ನು ನಮ್ಮ ಹಳೆಯ ದಿವಾಣಜಿಯವರಿಂದಲೇ ಕಲಿತನು. ಮುಂದೆ ಬೇರೆ ಪೇಟೆಯ ಒಂದು ದೊಡ್ಡ ಅಂಗಡಿಗೆ ದಿವಾಣಜಿಯಾಗಿ ಹೋದನು. ಅಲ್ಲಿ ಮಟಕಾ ಚಟ ಹತ್ತಿತು. ಮೊದಲು ಸಂಬಳದ ಹಣ, ಆಮೇಲೆ ವಸೂಲಿಯ ಹಣ. ಹಳ್ಳಿಗಳಿಂದ ತಂದ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ ಕಿರ್ದಿಗೆ ಬರಲೇ ಇಲ್ಲ. ಮಾಲೀಕರು ಫಿರ್ಯಾದಿ ಕೊಟ್ಟರು, ಕೊಡುವುದೇ ಸರಿಯಾಗಿತ್ತು. ಕೋರ್ಟಿನಲ್ಲಿ ಅವನು ತಪ್ಪನ್ನು ಒಪ್ಪಿಕೊಂಡನು. ಮೂರು ವರ್ಷದ ಸಜೆಯಾಯಿತು. ಒಳ್ಳೆಯ ನಡತೆಯ ಮಾಫಿ ಕಳೆದು ಅದಕ್ಕಿಂತ ಸ್ವಲ್ಪ ಮೊದಲೇ ಹೊರಬಂದನು.

ಪರ್ವ ಮುಗಿದ ಮರುದಿನ ಅವನು ನಮ್ಮ ಅಂಗಡಿಗೆ ಬಂದನು. ಹಮಾಲರು ತೊಗರಿ ಚೀಲ ಇಳಿಸುತ್ತಿದ್ದರು. ಗಾದಿಯ ಮೇಲೆ ಕೂಡ್ರದೆ ಕಟ್ಟೆಯ ಕೆಳಗೇ ನಿಂತನು.

"ಕಾಕಾ, ಏನಾರ ಕೆಲಸ ಇದ್ರ ಹೇಳ್ರಿ. ಗಲ್ಲಾ ಬ್ಯಾಡ್ರಿ, ಕಿರ್ದಿ ಬ್ಯಾಡ್ರಿ. ಚೀಲಾ ಹೊರತೇನಿ" ಎಂದನು.

ನಾವು ಚಹ ತರಿಸಿದೆವು. ಅವನ ತಾಯಿಯ ಆರೋಗ್ಯ ವಿಚಾರಿಸಿದೆವು. ಕಡೆಗೆ, "ನೋಡೂಣು ತಮ್ಮಾ, ದೀಪಾವಳಿ ಆಗ್ಲಿ" ಎಂದೆವು.

ವಾಚಕರಲ್ಲಿ ಅಂಗಡಿ ನಡೆಸುವವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಧಾರಿ ಕೇಳಲು ಬಂದವನನ್ನು, ವರ್ಗಣಿ ಕೇಳಲು ಬಂದವನನ್ನು ನಾವು ಬೈಯುವುದಿಲ್ಲ, ನೋಡೂಣು ಎನ್ನುತ್ತೇವೆ. ಅವನಿಗೂ ಅರ್ಥವಾಯಿತು. ದೀಪಾವಳಿಯ ನಂತರ ಅವನು ಬರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಅವನು ಸೊಲ್ಲಾಪುರಕ್ಕೆ ಹೋಗಿ ಒಂದು ಗೋಡೌನಿನಲ್ಲಿ ಹಮಾಲಿ ಹಿಡಿದನು. ಅಡ್ಡಹೆಸರು ಬದಲಾಯಿಸಿ ಹೇಳಿದ್ದನು. ಐದು ತಿಂಗಳ ಮೇಲೆ ನಮ್ಮ ಕಡೆಯ ಒಬ್ಬ ವ್ಯಾಪಾರಿ ಅಲ್ಲಿಗೆ ಮಾಲು ನೋಡಲು ಹೋದಾಗ ಅವನನ್ನು ಗುರುತಿಸಿ ಮಾಲೀಕರ ಕಿವಿಯಲ್ಲಿ ಒಂದು ಮಾತು ಹಾಕಿದನು. ಅಂದೇ ಸಂಜೆ ಲೆಕ್ಕ ಮಾಡಿ ಕಳುಹಿಸಿದರು. ಅಲ್ಲಿ ಅವನು ಒಂದು ಕಾಳನ್ನೂ ಮುಟ್ಟಿರಲಿಲ್ಲ. ಆದರೆ ಹೆಸರು ಸುಳ್ಳು ಹೇಳಿದ್ದು ನಿಜ. ಆ ಸುಳ್ಳಿಗೆ ಅವನು ಎಷ್ಟು ಕಾರಣವೋ, ನೋಡೂಣು ಎಂದ ನಾವೂ ಅಷ್ಟೇ ಕಾರಣವೆಂದು ಈಗ ಅನಿಸುತ್ತದೆ. ನಿಜ ಹೆಸರಿಗೆ ಕೆಲಸವಿಲ್ಲವೆಂದು ನಾಲ್ಕು ಬಾಗಿಲಲ್ಲಿ ಕಲಿತವನು ಐದನೆಯ ಬಾಗಿಲಲ್ಲಿ ನಿಜ ಹೇಳುವುದು ಹೇಗೆ?

ಅದೇ ವರ್ಷ ಅವನ ತಂಗಿಗೆ ಬಂದಿದ್ದ ಸೋಯರಿಕೆ ಮುರಿದುಬಿತ್ತು. ಹುಡುಗಿ ಕಲಿತವಳು, ಮನೆಗೆಲಸದಲ್ಲಿ ಜಾಣೆ. ವರನ ಕಡೆಯವರು ಕಾರಣ ಹೇಳಲಿಲ್ಲ, ಜಾತಕ ಕೂಡಲಿಲ್ಲವೆಂದರು. ಅಣ್ಣನ ಸಜೆಯಲ್ಲಿ ತಂಗಿಗೂ ಪಾಲು ಹಾಕಿದಂತಾಯಿತು. ಕೋರ್ಟು ಅವಳ ಹೆಸರು ಎತ್ತಿರಲಿಲ್ಲ.

ದೊಡ್ಡವ್ವನ ಪ್ರಶ್ನೆ

ನಮ್ಮ ಮನೆಯಲ್ಲಿ ಆಗ ದೊಡ್ಡವ್ವ ಇದ್ದರು. ಎಂಬತ್ತು ದಾಟಿದ ವಯಸ್ಸು, ಸೂರ್ಯಾಸ್ತದ ನಂತರ ನೀರೂ ಮುಟ್ಟದ ವ್ರತ. ಓದಿದ್ದು ಎರಡನೆಯ ಇಯತ್ತೆ, ಆದರೆ ಅಂಗಡಿಯ ಬಾಕಿದಾರರ ಹೆಸರೆಲ್ಲ ಅವರ ನಾಲಗೆಯ ಮೇಲಿದ್ದವು. ಸೊಲ್ಲಾಪುರದ ಸುದ್ದಿ ಕೇಳಿದ ದಿನ ಊಟದ ಹೊತ್ತಿಗೆ ನಮ್ಮನ್ನು ಕೇಳಿದರು:

"ಹೊಲದವ್ರು ಸಾಲಾ ತೀರಿಸಿದ್ರ ನೀವು ಖಾತೇದಾಗ ಏನ್ ಬರೀತೀರಿ?"

"ಚುಕ್ತಾ ಅಂತ ಬರೀತೇವಿ."

"ಮುಂದಿನ ವರ್ಷ ಅಂವಾ ಬಿತ್ತಾಕ ರೊಕ್ಕಾ ಕೇಳಿದ್ರ ಕೊಡ್ತೀರೋ ಇಲ್ಲೋ?"

"ಕೊಡ್ತೇವಿ."

"ಈ ಹುಡಗನ್ದು ಸರ್ಕಾರ ಲೆಕ್ಕಾ ಮುಗಿಸೇತಿ. ನಿಮ್ಮ ಲೆಕ್ಕಾ ಯಾವಾಗ ಮುಗಸ್ತೀರಿ?"

ನಮಗೆ ಉತ್ತರ ಹೊಳೆಯಲಿಲ್ಲ. ಸಾಲಗಾರನಿಗೆ ಚುಕ್ತಾ ಉಂಟು, ಇವನಿಗಿಲ್ಲ ಎಂಬ ನಮ್ಮ ಕಿರ್ದಿಯ ತಪ್ಪನ್ನು ಅವರು ಎರಡು ಮಾತಿನಲ್ಲಿ ತೋರಿಸಿಬಿಟ್ಟಿದ್ದರು. ಮರುದಿನವೇ ಅವನಿಗೆ ಹೇಳಿ ಕಳುಹಿಸಿದೆವು.

ಧರ್ಮದಲ್ಲಿ ದಾರಿ ಇದೆ

ಈ ವಿಷಯದಲ್ಲಿ ನಮ್ಮ ಶಾಸ್ತ್ರಗಳು ನಮಗಿಂತ ಬಹಳ ಮುಂದಿವೆ. ತತ್ತ್ವಾರ್ಥ ಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳಿದೆ. ಆಲೋಚನೆಯಿಂದ, ಅಂದರೆ ಗುರುವಿನ ಮುಂದೆ ದೋಷವನ್ನು ತೋಡಿಕೊಳ್ಳುವುದರಿಂದ, ಅವು ಆರಂಭವಾಗುತ್ತವೆ. ಎಂಟನೆಯದು ಪರಿಹಾರ. ಇಂದಿನ ಮಾತಿನ ಪರಿಹಾರವಲ್ಲ ಇದು. ತಪ್ಪಿದವನನ್ನು ಗೊತ್ತಾದ ಅವಧಿಯವರೆಗೆ ಸಂಘದಿಂದ ದೂರವಿಡುವುದು ಎಂದರ್ಥ. ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಒಂಬತ್ತನೆಯದು ಉಪಸ್ಥಾಪನೆ, ಮತ್ತೆ ವ್ರತದಲ್ಲಿ ನಿಲ್ಲಿಸಿಕೊಳ್ಳುವುದು. ಇದು ಮುನಿಸಂಘಕ್ಕಾಗಿ ಹೇಳಿದ ಕ್ರಮವೆಂಬುದು ನಿಜ. ಆದರೆ ಅಂಥ ಕಠಿಣ ಸಂಘವೇ ದೂರವಿಡುವುದಕ್ಕೆ ಅವಧಿ ಹಾಕಿ, ಮತ್ತೆ ಕರೆದುಕೊಳ್ಳುವ ವಿಧಿಯನ್ನೂ ಇಟ್ಟುಕೊಂಡಿರುವಾಗ, ಶ್ರಾವಕರಾದ ನಾವು ಎಂಟಕ್ಕೇ ನಿಂತುಬಿಡುವುದು ಯಾವ ನ್ಯಾಯ?

ಶ್ರಾವಕರಿಗೆ ನೇರವಾಗಿ ಹೇಳಿದ ಮಾತೂ ಇದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತಿಕರಣ. ದಾರಿ ತಪ್ಪಿ ಜಾರಿದವನನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದು. ಇದಕ್ಕೆ ದೃಷ್ಟಾಂತವಾಗಿ ಹೇಳುವ ವಾರಿಷೇಣನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಶ್ರೇಣಿಕ ಮಹಾರಾಜನ ಮಗನಾದ ಅವನು ಸ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿದ್ದಾಗ, ಓಡಿಬಂದ ಕಳ್ಳನೊಬ್ಬ ಕದ್ದ ಹಾರವನ್ನು ಅವನ ಮುಂದೆ ಎಸೆದುಹೋಗುತ್ತಾನೆ. ತಂದೆಯೇ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ನಿರ್ದೋಷಿಯೆಂದು ತಿಳಿದ ಮೇಲೆ ವಾರಿಷೇಣ ಮನೆಗೆ ಮರಳದೆ ದೀಕ್ಷೆ ವಹಿಸುತ್ತಾನೆ. ಮುಂದೆ, ದೀಕ್ಷೆ ವಹಿಸಿಯೂ ಹನ್ನೆರಡು ವರ್ಷ ಮನಸ್ಸು ಮನೆಯ ಕಡೆಗೇ ಇದ್ದ ಗೆಳೆಯ ಪುಷ್ಪಡಾಲನನ್ನು ಬಯ್ಯದೆ, ಹೊರಗೆ ಹಾಕದೆ, ಉಪಾಯದಿಂದ ಧರ್ಮದಲ್ಲಿ ನಿಲ್ಲಿಸುತ್ತಾನೆ. ಕಳ್ಳನೆಂಬ ಹೆಸರು ಹೊತ್ತವನೇ ಜಾರಿದವನನ್ನು ಎತ್ತುವವನಾದನು ಎಂಬುದನ್ನು ನಾವು ಕಥೆ ಕೇಳುವಾಗ ಅಷ್ಟಾಗಿ ಗಮನಿಸುವುದಿಲ್ಲ.

ಇನ್ನೊಂದು ಮಾತು ವ್ಯಾಪಾರಿಗಳಾದ ನಮಗೆ ಸ್ವಲ್ಪ ಕಹಿಯಾದೀತು. ಅಚೌರ್ಯ ಅಣುವ್ರತದ ಐದು ಅತಿಚಾರಗಳಲ್ಲಿ ಕದ್ದ ಮಾಲು ಕೊಳ್ಳುವುದು, ತೂಕ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಮಾಲಿನಲ್ಲಿ ಕೀಳು ಮಾಲು ಬೆರೆಸುವುದು ಇವೂ ಬರುತ್ತವೆ. ಇವುಗಳಿಗೆ ನಮ್ಮ ಪೇಟೆಯಲ್ಲಿ ಯಾರೂ ಜೈಲಿಗೆ ಹೋದದ್ದನ್ನು ನಾವು ಕಂಡಿಲ್ಲ. ಸಿಕ್ಕಿಬಿದ್ದವನ ತಪ್ಪು ಊರಿಗೆಲ್ಲ ಗೊತ್ತಾಯಿತು, ನಮ್ಮದು ಪ್ರತಿಕ್ರಮಣದ ಹೊತ್ತಿನಲ್ಲಿ ನಮಗಷ್ಟೇ ಗೊತ್ತು.

ನಮ್ಮ ಸೀಮೆಯಲ್ಲೇ ನಡೆದದ್ದು

ಕುಂಡಲದ ಝರಿ ಪಾರ್ಶ್ವನಾಥರ ದರ್ಶನಕ್ಕೆ ರೈಲಿನಲ್ಲಿ ಹೋಗುವವರು ಕಿರ್ಲೋಸ್ಕರವಾಡಿ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಆ ಊರನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದವರು. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ ಕಾರ್ಖಾನೆ, ಕಾರ್ಮಿಕರ ಮನೆಗಳು ಎಲ್ಲವನ್ನೂ ಎಬ್ಬಿಸಿದರು. ಅಲ್ಲಿ ಅಸ್ಪೃಶ್ಯತೆ ಕೂಡದೆಂದು ಕಟ್ಟುಮಾಡಿದರು. ಮತ್ತು ರಾತ್ರಿ ಕಾವಲಿಗೆ ಅವರು ನೇಮಿಸಿಕೊಂಡದ್ದು ಸಜೆ ಅನುಭವಿಸಿ ಬಂದವರನ್ನು. ಕಬ್ಬಿಣದ ನೇಗಿಲು ಮಾಡುವ ಊರಿನ ರಾತ್ರಿ ಕಾವಲು ಅಂಥವರ ಕೈಯಲ್ಲಿತ್ತು. ಮನುಷ್ಯ ಮೂಲತಃ ಒಳ್ಳೆಯವನೆಂಬ ಅವರ ನಂಬಿಕೆ ಭಾಷಣದಲ್ಲಿ ಉಳಿಯದೆ ಕಾವಲಿನವನ ಕೈಯಲ್ಲಿ ಕಂದೀಲಾಯಿತು.

ಅದೇ ಔಂಧ ಸಂಸ್ಥಾನ ಚೂರುಚೂರಾಗಿ ಹರಡಿಕೊಂಡಿತ್ತು. ಈಗಿನ ವಿಜಯಪುರ ಜಿಲ್ಲೆಯ ಗುಣದಾಳವೂ ಅದರಲ್ಲಿ ಸೇರಿತ್ತು, ನಮ್ಮ ಜತ್ತದ ನೆರೆಯ ಆಟಪಾಡಿಯೂ ಸೇರಿತ್ತು. ಆಟಪಾಡಿಯ ಹತ್ತಿರ 1939ರಲ್ಲಿ ರಾಜಾ ಭವಾನರಾವ್ ಪಂತಪ್ರತಿನಿಧಿಯವರು ಕೈದಿಗಳಿಗಾಗಿ ಒಂದು ವಸತಿ ತೆರೆದರು. ಗೋಡೆಯಿಲ್ಲ, ಕೋಳವಿಲ್ಲ. ಕೈದಿಗಳು ಹೆಂಡಿರುಮಕ್ಕಳೊಡನೆ ಇದ್ದು ಹೊಲ ಮಾಡಬೇಕು. ಹೆಸರು ಸ್ವತಂತ್ರಪುರ. ಇದರ ಹಿಂದೆ ಇದ್ದವರು ಪೋಲೆಂಡ್ ದೇಶದ ಇಂಜಿನಿಯರ್ ಮಾರಿಸ್ ಫ್ರಿಡ್ಮನ್ ಅವರು. ಅದಕ್ಕೂ ಮೊದಲು ಅವರು ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸುತ್ತಿದ್ದರು. ಸಂಸ್ಥಾನ ಹೋಗಿ ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರ ಸ್ವತಂತ್ರಪುರವನ್ನು ಮುಚ್ಚದೆ ಮುಂದುವರಿಸಿತು.

ಈ ಸ್ವತಂತ್ರಪುರವೇ ವ್ಹಿ. ಶಾಂತಾರಾಮರ 'ದೋ ಆಂಖೇ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆ. 1957ರಲ್ಲಿ ತೆರೆಕಂಡು, ಮರುವರ್ಷ ಬರ್ಲಿನ್ನಿನಲ್ಲಿ ಬಹುಮಾನ ಪಡೆದ ಆ ಚಿತ್ರವನ್ನು ನಮ್ಮ ಹಿರಿಯರು ಸಾಂಗಲಿಗೂ ಸೊಲ್ಲಾಪುರಕ್ಕೂ ಹೋಗಿ ನೋಡಿ ಬಂದಿದ್ದರು. ಕಥೆ ಬರೆದ ಗ. ದಿ. ಮಾಡಗೂಳ್ಕರರು ಆ ಸೀಮೆಯವರೇ. ಕೊಲೆ ಮಾಡಿದ ಆರು ಜನರನ್ನು ಜೈಲರನೊಬ್ಬ ಬಂಜರು ಭೂಮಿಗೆ ಕರೆತಂದು ಬೆಳೆ ಬೆಳೆಸುತ್ತಾನೆ. ಆ ಜೈಲರನ ಹೆಸರು ಆದಿನಾಥ. ಹೆಸರು ಕೇಳಿದಾಗೆಲ್ಲ ನಮಗೆ ಕೃಷಿಯನ್ನು ಕಲಿಸಿಕೊಟ್ಟ ಪ್ರಥಮ ತೀರ್ಥಂಕರರ ನೆನಪಾಗುತ್ತದೆ. ಆದರೆ ವ್ಯಾಪಾರಿಗಳು ಗಮನಿಸಬೇಕಾದದ್ದು ಬೇರೆ. ಆ ಆರು ಜನ ಹೊಲದಲ್ಲಿ ಗೆಲ್ಲುತ್ತಾರೆ, ಮಣ್ಣು ಅವರನ್ನು ತಿರಸ್ಕರಿಸುವುದಿಲ್ಲ. ಅವರಿಗೆ ಅಡ್ಡಿ ಬರುವುದು ಸಂತೆಯಲ್ಲಿ. ಸರಿಯಾದ ದರಕ್ಕೆ ಕಾಯಿಪಲ್ಯೆ ಮಾರಿದರೆಂದು ಪೇಟೆಯ ವ್ಯಾಪಾರಿಗಳು ಅವರ ಮೇಲೆ ಬೀಳುತ್ತಾರೆ, ಕೊನೆಗೆ ಜೈಲರನ ಪ್ರಾಣವೇ ಹೋಗುತ್ತದೆ. ಕೈದಿಯನ್ನು ತಿದ್ದುವ ಕೆಲಸ ಸರ್ಕಾರದ್ದಿರಬಹುದು, ಆದರೆ ತಿದ್ದಿಕೊಂಡವನಿಗೆ ದಾರಿ ಬಿಡುವ ಕೆಲಸ ಪೇಟೆಯದು. ಪೇಟೆ ಎಂದರೆ ನಾವೇ.

ನಮ್ಮ ಇತರ ಗಡಿನಾಡ ವಾಚಕರ ನೆರೆಯಲ್ಲೂ ಇಂಥ ಪ್ರಯತ್ನಗಳು ನಡೆದಿವೆ. ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿ, ರಾಯದುರ್ಗ ಮಡಕಶಿರಾದವರಿಗೆ ಹತ್ತಿರದ ಅನಂತಪುರದಲ್ಲಿ ಬಯಲು ಬಂದೀಖಾನೆಗಳು ನಡೆದುಬಂದಿವೆ. ತೆಲಂಗಾಣದ ಕಾರಾಗೃಹ ಇಲಾಖೆ ಪೆಟ್ರೋಲ್ ಬಂಕುಗಳನ್ನು ತೆರೆದು ಬಿಡುಗಡೆಯಾದವರಿಗೂ ಅಲ್ಲಿ ಕೆಲಸ ಕೊಟ್ಟಿದೆ. ಅದು ದಿನವೆಲ್ಲ ನಗದು ಕೈಯಾಡುವ ಕೆಲಸ ಎಂಬುದನ್ನು ಗಮನಿಸಬೇಕು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1990ರಲ್ಲಿ ಆರಂಭಿಸಿದ 'ಪ್ರಯಾಸ್' ಎಂಬ ಯೋಜನೆ ಇದೇ ಕೆಲಸಕ್ಕೆ ಕೈ ಹಾಕಿತು.

ಕಾಯಿದೆಯೂ ಅವಧಿ ಹಾಕಿದೆ

ಜೈಲು ಕಂಡು ಬಂದವರೆಲ್ಲ ಅಪರಾಧಿಗಳಲ್ಲ ಎಂಬುದನ್ನು ಮೊದಲು ತಿಳಿಯಬೇಕು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನೂರರಲ್ಲಿ ಸುಮಾರು ಎಪ್ಪತ್ತಾರು ಜನರ ಮೇಲಿನ ದೋಷ ಕೋರ್ಟಿನಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ. ಅವರಲ್ಲಿ ಎಷ್ಟೋ ಜನ ನಿರ್ದೋಷಿಗಳೆಂದು ಹೊರಬರುತ್ತಾರೆ. ಊರು ಮಾತ್ರ ಎಲ್ಲರಿಗೂ ಒಂದೇ ಹೆಸರು ಇಡುತ್ತದೆ.

ಇನ್ನು ಶಿಕ್ಷೆಯಾದವರ ಮಾತು. ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾದವನಿಗೆ ಅದೇ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯಿದೆ ಕೊಟ್ಟಿರುವ ಅವಧಿ ಐದು ವರ್ಷ, ಅದೂ ನೈತಿಕ ಅಧಃಪತನದ ಅಪರಾಧವಾಗಿದ್ದರೆ. ಶಿಕ್ಷೆಯಾದವನು ಶಾಸನಸಭೆಗೋ ಲೋಕಸಭೆಗೋ ನಿಲ್ಲಬಾರದೆಂಬ ನಿರ್ಬಂಧ ಬಿಡುಗಡೆಯಾಗಿ ಆರು ವರ್ಷಕ್ಕೆ ತೀರುತ್ತದೆ. ಮತ ಹಾಕುವ ಹಕ್ಕಂತೂ ಹೊರಗೆ ಬಂದ ಕೂಡಲೇ ಮರಳಿ ಬರುತ್ತದೆ. ದೇಶದ ಕಾಯಿದೆ ಮಾಡುವ ಸಭೆಗೆ ಆರು ವರ್ಷದ ಮೇಲೆ ಅವನು ನಿಲ್ಲಬಹುದಾದರೆ, ನಮ್ಮ ಅಂಗಡಿಯಲ್ಲಿ ಜೋಳ ತೂಗಲು ಜನ್ಮಪೂರ್ತಿ ಬೇಡವೇ?

ಸಣ್ಣ ಅಪರಾಧದಲ್ಲಿ, ಜೈಲಿಗೆ ಕಳುಹಿಸದೆ, 1958ರ ಪ್ರೊಬೇಷನ್ ಕಾಯಿದೆಯ ಪ್ರಕಾರ ಎಚ್ಚರಿಕೆ ಕೊಟ್ಟೋ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟವರಿಗೆ, ಶಿಕ್ಷೆಯಿಂದ ಬರುವ ಅನರ್ಹತೆ ತಗಲುವುದಿಲ್ಲವೆಂದು ಅದರ 12ನೆಯ ಕಲಮು ಹೇಳುತ್ತದೆ. ಮನೆಯ ಹುಡುಗರ ಕಾಲು ಮೊದಲ ಸಲ ಜಾರಿದಾಗ ವಕೀಲರ ಹತ್ತಿರ ಈ ಮಾತು ಎತ್ತಬೇಕು. ಸರ್ಕಾರಿ ನೌಕರಿಯ ಅರ್ಜಿಯಲ್ಲಿ ಕೇಳಿದ ವಿಷಯವನ್ನು ಮುಚ್ಚಿಡಬಾರದು. ನಿಜ ಹೇಳಿದವನ ಪ್ರಕರಣವನ್ನು ಅದರ ಸ್ವರೂಪ ನೋಡಿ ಅಧಿಕಾರಿಗಳು ತೀರ್ಮಾನಿಸಬೇಕು, ಮುಚ್ಚಿಟ್ಟರೆ ಅದೇ ಒಂದು ದೋಷವಾದೀತು ಎಂಬುದು ಸುಪ್ರೀಂ ಕೋರ್ಟಿನ 2016ರ ತೀರ್ಪಿನ ಸಾರ. ಕಠಿಣ ಸಜೆಯ ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಸಿಗಬೇಕು, ಅದರಲ್ಲೊಂದು ಪಾಲು ನೊಂದವರಿಗೆ ಹೋಗಬೇಕು ಎಂದೂ ಅದೇ ಕೋರ್ಟು 1998ರಲ್ಲಿ ಹೇಳಿದೆ. ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತು. ದುಡಿಯುವವನಷ್ಟೇ ತನ್ನ ತಪ್ಪಿನ ನಷ್ಟ ತುಂಬಿಕೊಡಬಲ್ಲ. ಕೆಲಸ ಕೊಡದೆ, ರೊಕ್ಕ ತುಂಬು ಎಂದರೆ ಎಲ್ಲಿಂದ ತುಂಬುತ್ತಾನೆ?

ನಾವು ಮಾಡಿದ ವ್ಯವಸ್ಥೆ

ದಯೆಯಿಂದ ಅಂಗಡಿ ನಡೆಯುವುದಿಲ್ಲ ಎನ್ನುವ ವಾಚಕರಿಗಾಗಿ ನಮ್ಮ ಕ್ರಮವನ್ನು ಬರೆಯುತ್ತೇವೆ.

ಮೊದಲನೆಯದಾಗಿ, ಮುಚ್ಚಿಡಲಿಲ್ಲ. ಅಂಗಡಿಯ ಎಲ್ಲರನ್ನೂ ಕೂಡಿಸಿ, ಹಮಾಲರ ಮುಕಾದಮನನ್ನೂ ಕರೆದು, ಇವನು ಎಲ್ಲಿಂದ ಬಂದಿದ್ದಾನೆಂಬುದು ಎಲ್ಲರಿಗೂ ಗೊತ್ತು, ಇನ್ನು ಮೇಲೆ ಆ ಮಾತನ್ನು ಅವನ ಬೆನ್ನ ಹಿಂದೆ ಆಡುವವರು ನಮ್ಮ ಮುಂದೆ ಆಡಬೇಕು ಎಂದೆವು. ಎರಡನೆಯದಾಗಿ, ಕೆಲಸಕ್ಕೆ ಮೆಟ್ಟಿಲು ಹಾಕಿದೆವು. ಮೊದಲ ವರ್ಷ ಕಾಟಾದ ಹತ್ತಿರ ತೂಕದ ಚೀಟಿ ಬರೆಯುವುದು. ಎರಡನೆಯ ವರ್ಷ ಗೋಡೌನಿನ ಆವಕ ಜಾವಕ. ಮೂರನೆಯ ವರ್ಷ ಕಿರ್ದಿ. ಈ ತಾರೀಖುಗಳನ್ನು ಕಾಗದದ ಮೇಲೆ ಬರೆದು ಅವನ ಕೈಗೆ ಕೊಟ್ಟೆವು. ಎಂದು ಏನು ಎಂಬುದು ಗೊತ್ತಿದ್ದರೆ ಮನುಷ್ಯ ಕಾಯುತ್ತಾನೆ. ನೋಡೂಣು ಎಂಬ ಮಾತಿನ ಮೇಲೆ ಯಾರೂ ಕಾಯಲಾರರು.

ಮೂರನೆಯದಾಗಿ, ಸಂಬಳ ಬೇರೆ ದಿವಾಣಜಿಗಳಿಗಿಂತ ಕಡಿಮೆ ಮಾಡಲಿಲ್ಲ. ಇಂಥವನು ಎಲ್ಲಿಗೂ ಹೋಗಲಾರನೆಂದು ಅರ್ಧ ಪಗಾರಿಗೆ ದುಡಿಸುವುದು ಉಪಕಾರವಲ್ಲ, ಅದೂ ಒಂದು ತೂಕದ ಮೋಸವೇ. ನಾಲ್ಕನೆಯದಾಗಿ, ಹಳೆಯ ಮಾಲೀಕರ ಹತ್ತಿರ ಅವನನ್ನು ಕರೆದುಕೊಂಡು ಹೋದೆವು. ಅವರು ನಾವಂದುಕೊಂಡಷ್ಟು ಕಠಿಣರಾಗಿರಲಿಲ್ಲ. ತಿಂಗಳಿಗೆ ಒಂದು ಸಾವಿರದಂತೆ ಹಣ ತುಂಬಿಕೊಡುವುದೆಂದು ಠರಾವಾಯಿತು. ನೂರಾ ನಲವತ್ತು ಹಫ್ತೆ. ಒಂದೊಂದಕ್ಕೂ ಪಾವತಿ.

ಐದನೆಯದಾಗಿ, ನಗದಿನ ವ್ಯವಹಾರಕ್ಕೆ ಎರಡು ಸಹಿ ಕಡ್ಡಾಯ ಮಾಡಿದೆವು. ಅವನಿಗಷ್ಟೇ ಅಲ್ಲ, ನಮಗೂ ನಮ್ಮ ಮಕ್ಕಳಿಗೂ.

ಈ ಐದನೆಯ ನಿಯಮದ ಬೆಲೆ ಎರಡನೆಯ ದೀಪಾವಳಿಗೆ ತಿಳಿಯಿತು. ಲಕ್ಷ್ಮೀಪೂಜೆಯ ಮುಂಚೆ ಲೆಕ್ಕ ಕೂಡಿಸಿದಾಗ 4,200 ರೂಪಾಯಿ ಕಡಿಮೆ ಬಿದ್ದಿತು. ಯಾರೂ ಬಾಯಿ ಬಿಡಲಿಲ್ಲ, ಆದರೆ ಎಲ್ಲರ ಕಣ್ಣು ಒಂದೇ ಕಡೆ ಹೋಯಿತು. ನಮ್ಮ ಕಣ್ಣೂ ಹೋಯಿತು. ಅವನು ಏನೂ ಮಾತಾಡದೆ ತನ್ನ ತೂಕದ ಚೀಟಿಗಳ ಕಟ್ಟನ್ನು ತಂದಿಟ್ಟು, "ಒಂದೊಂದ ನೋಡ್ರಿ ಕಾಕಾ" ಎಂದನು. ರಾತ್ರಿ ಒಂದು ಗಂಟೆಗೆ ತಪ್ಪು ಸಿಕ್ಕಿತು. ಎರಡನೆಯ ಸಹಿ ಇಲ್ಲದ ಒಂದೇ ಒಂದು ಚೀಟಿ. ನಮ್ಮ ಮಗನೇ ಲಾರಿ ಬಾಡಿಗೆ ಕೊಟ್ಟು ಕಿರ್ದಿಗೆ ಹಾಕುವುದನ್ನು ಮರೆತಿದ್ದ. ಅವನ ಮೇಲೆ ಯಾರಿಗೂ ಸಂಶಯ ಬಂದಿರಲಿಲ್ಲ. ಆ ರಾತ್ರಿ ನಾವು ಕ್ಷಮೆ ಕೇಳಿದೆವು. ಪರ್ವದ ಕೊನೆಯಲ್ಲಿ ಎಲ್ಲರಿಗೂ ಕೈಮುಗಿದು ಕೇಳುವ ಕ್ಷಮೆಗಿಂತ ಅದು ಭಾರವಾಗಿತ್ತು.

ಎಲ್ಲ ಕಡೆ ಹೀಗೇ ಆಗುತ್ತದೆಂದು ಹೇಳಿದರೆ ಸುಳ್ಳಾದೀತು. ಈ ಧೈರ್ಯದ ಮೇಲೆ ಮುಂದೆ ಇನ್ನೊಬ್ಬನನ್ನು ಇಟ್ಟುಕೊಂಡೆವು. ಪರಿಚಯದವರ ಮಾತಿಗೆ ಕಟ್ಟುಬಿದ್ದು, ಮೆಟ್ಟಿಲುಗಳನ್ನೆಲ್ಲ ಬಿಟ್ಟು, ಮೊದಲ ತಿಂಗಳೇ ಒಬ್ಬನನ್ನೇ ವಸೂಲಿಗೆ ಕಳುಹಿಸಿದೆವು. ನಾಲ್ಕನೆಯ ತಿಂಗಳು ಎರಡು ಹಳ್ಳಿಯ ಹದಿನೆಂಟು ಸಾವಿರದೊಂದಿಗೆ ಅವನು ಕಾಣೆಯಾದನು. ಕ್ರಮ ತಪ್ಪಿಸಿದ್ದು ನಮ್ಮ ದೋಷ. ಕ್ರಮವಿದ್ದಿದ್ದರೂ ಹೋಗುತ್ತಿದ್ದನೋ ಏನೋ, ಹೇಳಲಾಗದು. ಆದರೆ ಮಳೆ ತಪ್ಪಿದ ವರ್ಷ ಬಿತ್ತನೆಯ ಸಾಲವೂ ಮುಳುಗುತ್ತದೆ, ಅದಕ್ಕಾಗಿ ನಾವು ರೈತರಿಗೆ ಸಾಲ ಕೊಡುವುದನ್ನು ನಿಲ್ಲಿಸಿಲ್ಲ. ಬಿಡುಗಡೆಯಾದವನ ವಿಷಯದಲ್ಲಿ ಮಾತ್ರ ಒಬ್ಬನ ತಪ್ಪಿಗೆ ಎಲ್ಲರ ಖಾತೆ ಮುಚ್ಚುವುದು ಲೆಕ್ಕ ತಿಳಿದವರ ಲಕ್ಷಣವಲ್ಲ.

ಮನೆ ಮತ್ತು ಬಸದಿ

ಪಗಾರ ಬಂದರೂ ಪಂಕ್ತಿಯಲ್ಲಿ ಜಾಗ ಸಿಗದಿದ್ದರೆ ಮನುಷ್ಯ ನಿಲ್ಲುವುದಿಲ್ಲ. ಈ ಕೆಲಸ ಹೆಚ್ಚಾಗಿ ನಮ್ಮ ತಾಯಂದಿರ ಕೈಯಲ್ಲಿದೆ. ಅವನ ತಾಯಿ ಎರಡು ವರ್ಷ ಯಾರ ಮನೆಗೂ ಹೋಗಿರಲಿಲ್ಲ. ಕರೆದವರೂ ಇರಲಿಲ್ಲ. ದೊಡ್ಡವ್ವ ಒಂದು ದಿನ ಸೊಸೆಯಂದಿರನ್ನು ಕಟ್ಟಿಕೊಂಡು ತಾವೇ ಅವರ ಮನೆಗೆ ಹೋಗಿ ಪಾರಣೆಯ ಊಟಕ್ಕೆ ಹೇಳಿ ಬಂದರು. ಆ ಒಂದು ಹೆಜ್ಜೆಯಿಂದ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ತಂಗಿಯ ಮದುವೆ ಮೂರು ವರ್ಷ ತಡವಾಗಿಯಾದರೂ ಆಯಿತು. ಈ ಸಲ ವರನ ತಂದೆಗೆ ಎಲ್ಲವನ್ನೂ ನಾವೇ ಮೊದಲು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗಿ ಏನೂ ತಪ್ಪ ಮಾಡಿಲ್ಲಲ್ಲರಿ" ಎಂದರು. ಅಂಥ ಬೀಗರು ಎಲ್ಲ ಊರಲ್ಲೂ ಇರಲಿ.

ಬಸದಿಯಲ್ಲಿ ಮಾತ್ರ ಬಹಳ ಕಾಲ ಹಿಡಿಯಿತು. ಅವನನ್ನು ಯಾರೂ ತಡೆಯುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. 2018ರಲ್ಲಿ ಕೊನೆಯ ಹಫ್ತೆ ತುಂಬಿ ಮುಗಿಯಿತು. ನಡುವೆ ತಾಯಿಯ ಕಾಯಿಲೆಯಲ್ಲಿ ಕೆಲವು ತಿಂಗಳು ನಿಂತಿತ್ತು, ಮುಂದೆ ಹಫ್ತೆ ಹೆಚ್ಚಿಸಿ ಅದನ್ನೂ ತುಂಬಿದನು. ಹಳೆಯ ಮಾಲೀಕರು ಚುಕ್ತಾ ಎಂದು ಬರೆದು ಸಹಿ ಮಾಡಿದ ಕಾಗದ ಕೊಟ್ಟರು. ಆ ವರ್ಷದ ದಶಲಕ್ಷಣದಲ್ಲಿ ಅಭಿಷೇಕದ ಮೊದಲ ಕಲಶದ ಸವಾಲು ನಮ್ಮ ಮನೆತನಕ್ಕೆ ಬಂದಿತು. ನಾವು ಕಲಶವನ್ನು ಅವನ ಕೈಗೆ ಕೊಟ್ಟೆವು. ಯಾರಾದರೂ ಆಕ್ಷೇಪಿಸಬಹುದೆಂದು ಮನಸ್ಸಿನಲ್ಲಿ ಉತ್ತರ ಕೂಡಿಸಿಕೊಂಡು ನಿಂತಿದ್ದೆವು. ಯಾರೂ ಮಾತಾಡಲಿಲ್ಲ. ಪಂಡಿತರು ಎಂದಿನಂತೆ ಮಂತ್ರ ಹೇಳಿದರು, ಅವನು ಎಂದಿನವರಂತೆ ಅಭಿಷೇಕ ಮಾಡಿದನು. ದೊಡ್ಡವ್ವ ಅದನ್ನು ನೋಡಲು ಇರಲಿಲ್ಲ.

ವಾಚಕ ಬಂಧುಗಳಲ್ಲಿ ವಿನಂತಿ

ಪ್ರತಿಯೊಂದು ಊರಿನ ಸಮಾಜದಲ್ಲೂ ಹೊರಗೆ ಹೇಳಿಕೊಳ್ಳದ ಒಂದೆರಡು ಮನೆಗಳಿರುತ್ತವೆ. ಮಗನೋ ಅಳಿಯನೋ ಒಳಗಿದ್ದಾನೆ, ಅಥವಾ ಬಂದು ಕತ್ತಲಲ್ಲಿ ಕುಳಿತಿದ್ದಾನೆ. ಚೆಕ್ಕಿನ ಪ್ರಕರಣ, ಹೊಲದ ಬಾಂದಿನ ಜಗಳ, ಸಿಟ್ಟಿನಲ್ಲಿ ಎತ್ತಿದ ಕೈ, ಇವು ಯಾರ ಮನೆಗೂ ಬರಬಹುದು. ಸಮಾಜ ನಿಧಿ ಕೂಡಿಸಲಿ, ವಸತಿಗೃಹ ಕಟ್ಟಲಿ, ಒಳ್ಳೆಯದೇ. ಆದರೆ ಇದಕ್ಕೆ ನಿಧಿ ಬೇಕಾಗಿಲ್ಲ. ಅಡತಿ ಅಂಗಡಿ, ಬಟ್ಟೆ ಅಂಗಡಿ, ಗಿರಣಿ, ಮಣೂಕದ ಶೆಡ್ಡು ಇರುವ ಪ್ರತಿ ಮನೆತನ ವರ್ಷದಲ್ಲಿ ಒಂದು ಸಲ ಇಂಥ ಒಬ್ಬನಿಗೆ ಒಂದು ಕೆಲಸ, ಒಂದು ತಾರೀಖು, ಒಂದು ನ್ಯಾಯವಾದ ಪಗಾರ ಕೊಡಬಹುದೇ ಎಂದು ವಿಚಾರ ಮಾಡಿದರೆ ಸಾಕು. ಅವನು ನಮ್ಮ ಸಮಾಜದವನೇ ಆಗಿರಬೇಕೆಂದೂ ಇಲ್ಲ.

ಹೊರಬಂದವರ ಮನೆಯವರಿಗೂ ಒಂದು ಮಾತು. ಬಿಡುಗಡೆಯ ಕಾಗದ, ಆಧಾರ್, ಬ್ಯಾಂಕಿನ ಪುಸ್ತಕ ಇವನ್ನು ಮೊದಲ ವಾರದಲ್ಲೇ ಕೂಡಿಸಿಡಿರಿ. ಹೆಸರು ಬದಲಿಸಲು ಬಿಡಬೇಡಿರಿ. ನೊಂದವರ ಹತ್ತಿರ ಹೋಗಿ ಬರಲು ಹಿರಿಯರೊಬ್ಬರನ್ನು ಜೊತೆಗೆ ಕರೆಯಿರಿ.

ಅವನು ಈಗ ನಮ್ಮ ಹಿರಿಯ ದಿವಾಣಜಿ. ಹೊಸ ಹುಡುಗರಿಗೆ ಕಿರ್ದಿ ಬರೆಯಲು ಕಲಿಸುತ್ತಾನೆ. ಎರಡನೆಯ ಸಹಿ ಬೀಳುವವರೆಗೆ ಯಾವ ಚೀಟಿಯನ್ನೂ ಮುಂದೆ ಬಿಡುವುದಿಲ್ಲ, ಅದು ನಮ್ಮದೇ ಆಗಿದ್ದರೂ. ಬಸದಿಯಲ್ಲಿ ಮಕ್ಕಳ ನಾಟಕವಿದ್ದ ದಿನ ನಾವಿಬ್ಬರೂ ಹಿಂದೆಯೇ, ಚಪ್ಪಲಿಯ ಹತ್ತಿರದ ಚಾಪೆಯ ಮೇಲೆ ಕೂಡ್ರುತ್ತೇವೆ. ಅಲ್ಲಿ ಕುಳಿತರೆ ತಡವಾಗಿ, ಸಂಕೋಚದಿಂದ ಬರುವವರು ಯಾರೆಂಬುದು ಕಾಣುತ್ತದೆ.